ಜಪಾನಿನ ಮೀನುಗಾರಿಕೆಯ ಲೆಕ್ಕ ಕಲಿಯಬೇಕು, ಯಾವ ಬಾಗಿಲು ತಟ್ಟೋದು?

ಕಳೆದ ಮಳೆಗಾಲದಲ್ಲಿ ಬೋಟುಗಳೆಲ್ಲ ದಕ್ಕೆಯಲ್ಲಿ ಸುಮ್ನೆ ನಿಂತಿದ್ದ ಹೊತ್ತಿಗೆ ಮೂರು ಜನ ನನಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬಳು ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಎಂ.ಎಫ್.ಎಸ್‌ಸಿ ವಿದ್ಯಾರ್ಥಿನಿ. ಇನ್ನೊಬ್ಬರು ಮೀನುಗಾರಿಕೆ ಇಲಾಖೆಯಲ್ಲಿ ಹತ್ತು ವರ್ಷ ಸವೆಸಿದ ಅಧಿಕಾರಿ. ಮೂರನೆಯವರು ಮೀನು ರಫ್ತಿನ ವ್ಯವಹಾರದವರು, ಸ್ವಲ್ಪ ಮಾಲು ಜಪಾನಿಗೂ ಹೋಗುತ್ತೆ. ಮೂವರ ಕೈಯಲ್ಲೂ ಒಂದು ಉದ್ದದ ಪಟ್ಟಿ ಇತ್ತು: ಐಐಎಫ್‌ಇಟಿ, ಜೈಕಾ, ಓಎಫ್‌ಸಿಎಫ್, ಸೀಫ್‌ಡೆಕ್, ಮೆಕ್ಸ್ಟ್, ಹೀಗೆ. ಜಪಾನಿನ ಮೀನುಗಾರಿಕೆಯ ಅರ್ಥಶಾಸ್ತ್ರ, ವ್ಯಾಪಾರ ಕಲಿಯೋದಕ್ಕೆ ನೆರವಾಗಬಹುದಾದ ಸಂಸ್ಥೆ, ವಿದ್ಯಾರ್ಥಿವೇತನಗಳ ಹೆಸರು, ಆದರೆ ನೋಡೋದಕ್ಕೆ ಬರೀ ಅಕ್ಷರಗಳ ರಾಶಿ. "ಸರ್, ಇದರಲ್ಲಿ ಯಾವುದು ಒಳ್ಳೆಯದು?" ಅಂತ ಮೂವರೂ ಕೇಳಿದರು.

ಒಳ್ಳೆಯದು ಅಂತ ಒಂದಿಲ್ಲ. ಒಬ್ಬೊಬ್ಬರಿಗೆ ಒಂದೊಂದು. ಆದರೆ ಹಾಗೆ ಹೇಳಿ ಕೈತೊಳೆದುಕೊಂಡರೆ ಯಾರಿಗೂ ಉಪಯೋಗ ಇಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಜಪಾನೇ ಯಾಕೆ ಅಂತ ಕೇಳುವವರಿದ್ದಾರೆ. 1984ರಲ್ಲಿ ಜಪಾನ್ ಒಂದೇ ವರ್ಷ ಸುಮಾರು 1.28 ಕೋಟಿ ಟನ್ ಮೀನು ಉತ್ಪಾದಿಸಿತ್ತು. ಈಗ 40 ಲಕ್ಷ ಟನ್ನಿಗಿಂತ ಕೆಳಗೆ ಇಳಿದಿದೆ. 2023ರ ಗಣತಿಯಲ್ಲಿ ಕಡಲಿಗೆ ಹೋಗುವವರು ದೇಶದಲ್ಲೆಲ್ಲ ಸೇರಿ ಸುಮಾರು 1.2 ಲಕ್ಷ ಜನ ಮಾತ್ರ, ಅದರಲ್ಲೂ ವಯಸ್ಸಾದವರೇ ಜಾಸ್ತಿ. ಅಷ್ಟು ಎತ್ತರಕ್ಕೆ ಏರಿ ಇಷ್ಟು ಕೆಳಗೆ ಇಳಿದ ದೇಶದಲ್ಲಿ ಲೆಕ್ಕ ನೋಡುವವರಿಗೆ ಕಲಿಯೋದಕ್ಕೆ ಬೇಕಾದಷ್ಟಿದೆ. ದೇಶಗಳು ತಂತಮ್ಮ ಕಡಲಿಗೆ ಹಾಕಿಕೊಂಡ 200 ಮೈಲಿಯ ಗಡಿ ಬಂದ ಮೇಲೆ ದೂರದ ಕಡಲು ಕೈತಪ್ಪಿದ್ದು, ಸಾರ್ಡಿನ್ ಕುಸಿದದ್ದು, ಮನೆಗಳಲ್ಲಿ ಮೀನಿಗಿಂತ ಮಾಂಸ ತಿನ್ನೋದು ಹೆಚ್ಚಾದದ್ದು, 2011ರ ಸುನಾಮಿ, 2018ರಲ್ಲಿ ಎಪ್ಪತ್ತು ವರ್ಷ ಹಳೆಯ ಮೀನುಗಾರಿಕೆ ಕಾಯ್ದೆಯನ್ನು ತಿದ್ದಿದ್ದು. ಭೂತಾಯಿ ಮೀನು, ಅಂದರೆ ನಮ್ಮ ಕಡೆಯ ಸಾರ್ಡಿನ್, ಒಂದು ವರ್ಷ ರಾಶಿ ಬಿದ್ದು ಮರುವರ್ಷ ಮಾಯವಾಗೋದನ್ನು ನೋಡಿದ ನಮಗೆ ಇದೆಲ್ಲ ತೀರಾ ಪರದೇಶದ ಕಥೆ ಅನ್ನಿಸೋದಿಲ್ಲ.

ಅಳೆಯೋದು ಯಾವುದರಿಂದ

ಸಂಸ್ಥೆಯ ಹೆಸರು ಎಷ್ಟು ದೊಡ್ಡದು ಅನ್ನೋದನ್ನು ಪಕ್ಕಕ್ಕಿಡಿ. ನಾನು ನೋಡೋದು ಐದು ವಿಷಯ. ಅದರಲ್ಲಿ ಮೊದಲನೆಯದಕ್ಕೇ ಅರ್ಧ ತೂಕ.

ಅರ್ಜಿ ಹಾಕೋದು ಯಾರು? ನೀವಾ, ನಿಮ್ಮ ಸರ್ಕಾರವಾ? ಇದೊಂದು ಪ್ರಶ್ನೆ ಕೇಳಿಕೊಳ್ಳದೆ ನಾನು ಒಂದು ಇಡೀ ವರ್ಷ ಕಳೆದುಕೊಂಡಿದ್ದೇನೆ. ಆಗ ನನಗೆ ಇಪ್ಪತ್ತಾರು ವರ್ಷ. ಜಪಾನಿನ ಒಂದು ಸಂಸ್ಥೆಯ ತರಬೇತಿಗೆ ನಾನೇ ನೇರವಾಗಿ ಅರ್ಜಿ ಬರೆದೆ. ಮೂರು ಪುಟದ ಉದ್ದೇಶಪತ್ರ, ಇಬ್ಬರು ಮೇಷ್ಟ್ರ ಶಿಫಾರಸು, ಬ್ಯಾಂಕಿನ ಕಾಗದ, ಎಲ್ಲಾ ಸೇರಿಸಿ ಕಳಿಸಿದೆ. ನಾಲ್ಕು ತಿಂಗಳಾದ ಮೇಲೆ ಬಹಳ ವಿನಯದ ಒಂದು ಪ್ಯಾರಾ ಉತ್ತರ ಬಂತು: ದಯವಿಟ್ಟು ನಿಮ್ಮ ಸರ್ಕಾರದ ಮೂಲಕ ಬನ್ನಿ. ಸರಿ, ಆಗ ಕೆಲಸ ಮಾಡುತ್ತಿದ್ದ ಕಚೇರಿಗೆ ಹೋದೆ. ಅಲ್ಲಿ ಕಡತ ಮೇಜಿಂದ ಮೇಜಿಗೆ ಹೋಗುವಷ್ಟರಲ್ಲಿ ಕೊನೆಯ ದಿನ ಮುಗಿದಿತ್ತು. ತಪ್ಪು ಸಂಸ್ಥೆಯದ್ದಲ್ಲ. ಬಾಗಿಲಲ್ಲಿ ಬರೆದದ್ದನ್ನು ನಾನು ಓದಿರಲಿಲ್ಲ, ಅಷ್ಟೇ.

ಎರಡನೆಯದು, ಅಲ್ಲಿ ಭಾರತಕ್ಕೆ ಜಾಗ ಇದೆಯಾ? ಏಷ್ಯಾ ಅಂತ ಬರೆದಿದ್ದರೆ ನಾವೂ ಸೇರಿದೆವು ಅಂದುಕೊಳ್ಳಬೇಡಿ. ಸದಸ್ಯ ದೇಶಗಳ ಪಟ್ಟಿ ನೋಡಿ.

ಮೂರನೆಯದು, ಖರ್ಚು ಯಾರ ಜೇಬಿಂದ. ಸದಸ್ಯತ್ವದ ಶುಲ್ಕ ಸಣ್ಣದಿರುತ್ತೆ. ಅದರ ಹಿಂದೆ ಬರುವ ವಿಮಾನದ ಟಿಕೆಟ್ಟು, ವೀಸಾ, ಹೋಟೆಲು ಸಣ್ಣದಲ್ಲ.

ನಾಲ್ಕನೆಯದು ಭಾಷೆ. ಜಪಾನಿನ ಮೀನುಗಾರಿಕೆಯ ಬಗ್ಗೆ ಇಂಗ್ಲಿಷಿನಲ್ಲಿ ಸಿಗೋದು ಮೇಲಿನ ಕೆನೆ ಮಾತ್ರ. ಸಹಕಾರ ಸಂಘದ ಲೆಕ್ಕಪತ್ರ, ಜಿಲ್ಲಾ ಮಟ್ಟದ ಅಂಕಿ ಅಂಶ, ಮೀನುಗಾರರು ತಮ್ಮೊಳಗೆ ಮಾಡಿಕೊಂಡ ಕರಾರು, ಇವೆಲ್ಲ ಜಪಾನಿ ಭಾಷೆಯಲ್ಲೇ ಇವೆ.

ಐದನೆಯದು, ಕೊನೆಗೆ ನಿಮ್ಮ ಕೈಗೆ ಏನು ಬರುತ್ತೆ: ಪದವಿಯಾ, ಪ್ರಬಂಧವಾ, ಸರ್ಟಿಫಿಕೇಟಾ, ಗಿರಾಕಿಯಾ?

ಐಐಎಫ್‌ಇಟಿ, ಮತ್ತು ಅದರ ಜಪಾನಿ ಗೆಳೆಯರು

ಪೂರ್ತಿ ಹೆಸರು ಇಂಟರ್‌ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಫಿಶರೀಸ್ ಇಕನಾಮಿಕ್ಸ್ ಅಂಡ್ ಟ್ರೇಡ್. ಇನ್‌ಸ್ಟಿಟ್ಯೂಟ್ ಅಂದ ಕೂಡಲೇ ದೊಡ್ಡ ಕಟ್ಟಡ, ತರಗತಿ, ಹಾಸ್ಟೆಲು ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಇದು ಜನರ ಸಂಘ. ಮೀನಿನ ಅರ್ಥಶಾಸ್ತ್ರ ಮಾಡುವವರು, ವ್ಯಾಪಾರ ನೋಡುವವರು, ಸರ್ಕಾರದಲ್ಲಿ ನೀತಿ ಬರೆಯುವವರು ಎಲ್ಲ ಸೇರಿ 1982ರಲ್ಲಿ ಕಟ್ಟಿಕೊಂಡದ್ದು. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯ ಇದನ್ನು ಬಹುಕಾಲ ತನ್ನ ಮಡಿಲಲ್ಲಿಟ್ಟುಕೊಂಡು ಸಾಕಿದೆ. ಮುಖ್ಯ ಕೆಲಸ ಎರಡು ವರ್ಷಕ್ಕೊಮ್ಮೆ ನಡೆಯುವ ಸಮ್ಮೇಳನ. 2004ರಲ್ಲಿ ಟೋಕಿಯೊದಲ್ಲಿ ಆಯಿತು. 2008ರಲ್ಲಿ ವಿಯೆಟ್ನಾಮಿನ ನ್ಯಾ ಟ್ರಾಂಗ್. ಕೋವಿಡ್ಡಿನಿಂದ ತಡವಾಗಿ 2022ರಲ್ಲಿ ಸ್ಪೇನಿನ ವಿಗೊ, ಆಮೇಲೆ 2024ರಲ್ಲಿ ಮಲೇಷ್ಯಾದ ಪೆನಾಂಗ್.

ಬಾಗಿಲು ತೆರೆದೇ ಇದೆ. ನೀವೇ ಸೇರಬಹುದು, ಯಾರ ಸಹಿಯೂ ಬೇಡ. ವಿದ್ಯಾರ್ಥಿಗಳಿಗೆ ಶುಲ್ಕ ಕಡಿಮೆ. ಭಾಷೆ ಇಂಗ್ಲಿಷ್. ಕೈಗೆ ಸಿಗೋದು ಪರಿಚಯ, ಮತ್ತೆ ನಿಮ್ಮ ಪ್ರಬಂಧವನ್ನು ಓದಿ ಬಯ್ಯುವಷ್ಟು ಗೊತ್ತಿರುವ ಜನ. ಬಯ್ಯೋದು ಯಾಕೆ ಮುಖ್ಯ ಅಂತ ಕೇಳಿ. ನಮ್ಮ ಕಡೆ ಮೀನಿನ ವಿಜ್ಞಾನಕ್ಕೆ ಜನ ಇದ್ದಾರೆ, ಅರ್ಥಶಾಸ್ತ್ರಕ್ಕೂ ಇದ್ದಾರೆ, ಎರಡೂ ಗೊತ್ತಿರುವವರು ತುಂಬಾ ಕಡಿಮೆ. ಅಲ್ಲಿಗೆ ಹೋದರೆ ಕೋಣೆ ತುಂಬ ಅಂಥವರೇ ಇರುತ್ತಾರೆ.

ಕಷ್ಟ ಇರೋದು ಖರ್ಚಿನಲ್ಲಿ. ವಿಗೊದಂಥ ಊರಿಗೆ ಹೋಗಿಬರೋದು ಅಂದರೆ ಲಕ್ಷ ದಾಟುತ್ತೆ. ಪೆನಾಂಗ್ ಅಂಥ ಊರಾದರೆ ಎಷ್ಟೋ ಹಗುರ. ಅದಕ್ಕೇ ನನ್ನ ಸಲಹೆ: ಸಮ್ಮೇಳನ ಯಾವ ಊರಲ್ಲಿ ಅಂತ ನೋಡಿ ವರ್ಷ ಆರಿಸಿಕೊಳ್ಳಿ. ಏಷ್ಯಾಕ್ಕೆ ಬಂದಾಗ ಬಿಡಬೇಡಿ. ಪ್ರಯಾಣದ ನೆರವು ಕೆಲವರಿಗೆ ಸಿಗೋದುಂಟು, ಆದರೆ ಅದನ್ನೇ ನಂಬಿ ಕೂರಬೇಡಿ. ಇನ್ನೊಂದು ಗುಟ್ಟು ಅಂದರೆ, ಹಳೆಯ ಸಮ್ಮೇಳನಗಳ ಪ್ರಬಂಧಗಳು ಒರೆಗಾನ್ ಸ್ಟೇಟ್‌ನ ಆನ್‌ಲೈನ್ ಭಂಡಾರದಲ್ಲಿ ಪುಕ್ಕಟೆ ಸಿಗುತ್ತವೆ. ಜಪಾನಿನ ಸಹಕಾರ ಸಂಘಗಳ ಬಗ್ಗೆ, ಟ್ಯೂನಾ ಮಾರುಕಟ್ಟೆಯ ಬಗ್ಗೆ ಸಾಕಷ್ಟಿದೆ. ಒಂದು ಪೈಸೆ ಕೊಡದೆ ಆರು ತಿಂಗಳು ಓದಬಹುದು. ಸೇರೋದಕ್ಕೆ ಮುಂಚೆ ಅದನ್ನು ಮಾಡಿ. ಓದಿ ಬೇಜಾರಾದರೆ ಈ ಸಂಘ ನಿಮಗಲ್ಲ.

ಇದಕ್ಕೆ ಅಂಟಿಕೊಂಡಂತೆ ಜಪಾನಿನಲ್ಲಿ ಒಂದು ಚಿಕ್ಕ ಸಂಘ ಇದೆ, ಜಪಾನ್ ಇಂಟರ್‌ನ್ಯಾಷನಲ್ ಫಿಶರೀಸ್ ರಿಸರ್ಚ್ ಸೊಸೈಟಿ ಅಂತ. ಹೊರಗಿನವರಿಗೆ ಇದರ ಹೆಸರು ಗೊತ್ತಾಗೋದು ಯಮಮೊಟೊ ಪ್ರಶಸ್ತಿಯಿಂದ. ಐಐಎಫ್‌ಇಟಿ ಸಮ್ಮೇಳನಕ್ಕೆ ಬರುವ ಅಭಿವೃದ್ಧಿಶೀಲ ದೇಶಗಳ ಅರ್ಥಶಾಸ್ತ್ರಜ್ಞರ ಪ್ರಬಂಧಕ್ಕೆ ಕೊಡುವ ಪ್ರಶಸ್ತಿ ಅದು. ನಾವು ಆ ಸಾಲಿನಲ್ಲೇ ಬರುತ್ತೇವೆ, ಅಲ್ವಾ? ಈ ಸಂಘಕ್ಕೆ ಸೇರಬೇಕಾ ಅಂತ ತಲೆಕೆಡಿಸಿಕೊಳ್ಳಬೇಡಿ. ಪ್ರಬಂಧ ಚೆನ್ನಾಗಿ ಬರೆಯಿರಿ, ಪ್ರಶಸ್ತಿಗೆ ಕಳಿಸಿ. ಅವರ ಪರಿಚಯ ಆಗೋದು ಹಾಗೇ.

ಉತ್ತರ ಅಮೆರಿಕದವರಿಗೆ ನಾಫೆ, ಯುರೋಪಿನವರಿಗೆ ಈಫೆ ಅಂತ ಇದೇ ಥರದ ಎರಡು ಸಂಘಗಳಿವೆ. ಐಐಎಫ್‌ಇಟಿ ಸಮ್ಮೇಳನ ಇಲ್ಲದ ವರ್ಷಗಳಲ್ಲಿ ಅವರ ಸಭೆ ನಡೆಯುತ್ತೆ. ಜಪಾನ್ ನಿಮ್ಮ ವಿಷಯ ಅಂತಾದರೆ ಇವೆರಡನ್ನೂ ಬಿಟ್ಟುಬಿಡಿ.

ಜೈಕಾ ಮತ್ತು ಓಎಫ್‌ಸಿಎಫ್

ಇವೆರಡನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಎರಡೂ ಜಪಾನಿನದ್ದು, ಎರಡೂ ತರಬೇತಿ ಕೊಡುತ್ತವೆ. ಹೋಲಿಕೆ ಅಲ್ಲಿಗೇ ಮುಗಿಯುತ್ತೆ.

ಜೈಕಾ ಜಪಾನ್ ಸರ್ಕಾರದ ನೆರವು ಸಂಸ್ಥೆ. ರಸ್ತೆ, ಮೆಟ್ರೊ, ನೀರು, ಆಸ್ಪತ್ರೆ ಎಲ್ಲದಕ್ಕೂ ಸಾಲ ಕೊಡುತ್ತೆ, ಬೆಂಗಳೂರಿನವರಿಗೆ ಹೆಸರು ಹೊಸದಲ್ಲ. ಮೀನುಗಾರಿಕೆ ಅದರ ದೊಡ್ಡ ಸಂಸಾರದಲ್ಲಿ ಒಂದು ಮೂಲೆ. ಆ ಮೂಲೆಯಲ್ಲಿ ನಮಗೆ ಬೇಕಾದ್ದು ಅಲ್ಪಾವಧಿ ತರಬೇತಿಗಳು. ಕೆಲವು ವಾರದಿಂದ ಕೆಲವು ತಿಂಗಳು ಜಪಾನಿನಲ್ಲಿ ಇರೋದು. ಬಂದರು ನೋಡೋದು, ಸಹಕಾರ ಸಂಘದ ಕಚೇರಿಯಲ್ಲಿ ಕೂರೋದು, ಕೊನೆಗೆ ನಿಮ್ಮ ಊರಿಗೆ ಒಂದು ಕಾರ್ಯಯೋಜನೆ ಬರೆದು ಎಲ್ಲರ ಮುಂದೆ ಒಪ್ಪಿಸೋದು. ಟಿಕೆಟ್ಟು, ಊಟ, ವಸತಿ ಅವರದ್ದೇ. ಭಾಷೆಗೆ ದುಭಾಷಿ ಇರುತ್ತಾರೆ.

ಆದರೆ ಅರ್ಜಿ ಹೋಗಬೇಕಾದ್ದು ಸರ್ಕಾರದಿಂದ. ಇಲಾಖೆಯಲ್ಲಿರುವವರಿಗೆ, ಸರ್ಕಾರಿ ಸಂಶೋಧನಾ ಸಂಸ್ಥೆಗಳಲ್ಲಿರುವವರಿಗೆ ಇದು ಚಿನ್ನದಂಥ ಅವಕಾಶ. ಎಂ.ಎಫ್.ಎಸ್‌ಸಿ ಹುಡುಗಿಗೆ ಗಾಜಿನೊಳಗಿನ ಮಿಠಾಯಿ. ಇನ್ನೊಂದು ತೊಡಕು, ಯಾವ ವರ್ಷ ಯಾವ ದೇಶಕ್ಕೆ ಯಾವ ವಿಷಯದ ಸೀಟು ಅನ್ನೋದು ಮೊದಲೇ ಎರಡು ಸರ್ಕಾರಗಳ ನಡುವೆ ತೀರ್ಮಾನವಾಗಿರುತ್ತೆ. ಈ ವರ್ಷ ಮೀನುಗಾರಿಕೆ ಭಾರತದ ಪಟ್ಟಿಯಲ್ಲಿ ಇಲ್ಲದಿದ್ದರೆ ನೀವು ಎಷ್ಟು ಬುದ್ಧಿವಂತರಾದರೂ ಪ್ರಯೋಜನ ಇಲ್ಲ. ಸುತ್ತೋಲೆ ಬಂದಾಗ ಕೊನೆಯ ದಿನಕ್ಕೆ ಹತ್ತೋ ಹದಿನೈದೋ ದಿನ ಉಳಿದಿರುತ್ತೆ. ಪಾಸ್‌ಪೋರ್ಟು, ವೈದ್ಯರ ಕಾಗದ, ಮೇಲಧಿಕಾರಿಯ ಒಪ್ಪಿಗೆ ಇವನ್ನೆಲ್ಲ ಮೊದಲೇ ತಯಾರು ಇಟ್ಟುಕೊಂಡವರೇ ಹೋಗೋದು.

ಓಎಫ್‌ಸಿಎಫ್ ಬೇರೆ ಜಾತಿಯದ್ದು. ಓವರ್‌ಸೀಸ್ ಫಿಶರಿ ಕೋಆಪರೇಶನ್ ಫೌಂಡೇಶನ್. 1973ರಲ್ಲಿ ಹುಟ್ಟಿತು. ಆ ವರ್ಷ ಸುಮ್ನೆ ಬಂದದ್ದಲ್ಲ. ಆಗ ಒಂದೊಂದೇ ದೇಶ ತನ್ನ ಕಡಲಿಗೆ 200 ಮೈಲಿಯ ಬೇಲಿ ಹಾಕುವ ಮಾತಾಡುತ್ತಿತ್ತು. ಜಪಾನಿನ ಟ್ಯೂನಾ ದೋಣಿಗಳು ಆ ಬೇಲಿಯ ಒಳಗೇ ಮೀನು ಹಿಡಿಯಬೇಕಿತ್ತು. ಹಾಗಾಗಿ ಆ ದೇಶಗಳಿಗೆ ನೆರವು ಕೊಟ್ಟು, ಸ್ನೇಹ ಉಳಿಸಿಕೊಂಡು, ತಮ್ಮ ದೋಣಿಗಳಿಗೆ ದಾರಿ ಮಾಡಿಕೊಳ್ಳುವುದು ಇದರ ಉದ್ದೇಶ. ಮುಚ್ಚುಮರೆ ಏನಿಲ್ಲ. ಪೆಸಿಫಿಕ್ ದ್ವೀಪಗಳಲ್ಲಿ ಕೆಟ್ಟ ಐಸ್ ಪ್ಲಾಂಟು ರಿಪೇರಿ ಮಾಡಿಕೊಡೋದು, ಅಲ್ಲಿನ ಮೀನುಗಾರಿಕೆ ಅಧಿಕಾರಿಗಳನ್ನು ಕರೆಸಿ ಕಲಿಸೋದು, ಈ ಥರ ಕೆಲಸ.

ಕರ್ನಾಟಕದಿಂದ ಅರ್ಜಿ ಹಾಕುವವರಿಗೆ ಇದು ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ಆದರೆ ಅಧ್ಯಯನದ ವಸ್ತುವಾಗಿ ನೋಡಿದರೆ ಇಡೀ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ರುಚಿ ಅನ್ನಿಸೋದು ಇದೇ. ನೆರವು ಎಲ್ಲಿ ಮುಗಿಯುತ್ತೆ, ವ್ಯಾಪಾರ ಎಲ್ಲಿ ಶುರುವಾಗುತ್ತೆ? ಯಾರಾದರೂ ಇದರ ಮೇಲೆ ಪಿಎಚ್‌ಡಿ ಮಾಡಿದರೆ ಮೊದಲ ಓದುಗ ನಾನೇ.

ಸೀಫ್‌ಡೆಕ್

ಸೌತ್‌ಈಸ್ಟ್ ಏಷಿಯನ್ ಫಿಶರೀಸ್ ಡೆವಲಪ್‌ಮೆಂಟ್ ಸೆಂಟರ್. 1967ರದ್ದು. ಆಸಿಯಾನ್ ಕೂಡ ಹುಟ್ಟಿದ್ದು ಅದೇ ವರ್ಷ. ಸದಸ್ಯರು ಆಗ್ನೇಯ ಏಷ್ಯಾದ ಹತ್ತು ದೇಶಗಳು ಮತ್ತು ಜಪಾನ್. ಹಣದಲ್ಲೂ ತಜ್ಞರಲ್ಲೂ ಜಪಾನಿನ ಪಾಲು ಮೊದಲಿನಿಂದ ದೊಡ್ಡದು. ಭಾರತ ಸದಸ್ಯ ಅಲ್ಲ. ಬಹಳ ಜನ ಎಡವೋದು ಇಲ್ಲೇ. ಸರ್ಕಾರದ ಮೂಲಕ ಹೋಗುವ ದಾರಿ ನಮಗಿಲ್ಲ.

ಸಣ್ಣ ಕಿಟಕಿ ಒಂದಿದೆ. ಫಿಲಿಪ್ಪೀನ್ಸಿನ ಇಲೊಯಿಲೊ ಹತ್ತಿರ ಇರುವ ಅವರ ಜಲಕೃಷಿ ವಿಭಾಗ ಶುಲ್ಕ ಕಟ್ಟಿ ಬರುವ ಹೊರಗಿನವರಿಗೂ ಕೆಲವು ತರಬೇತಿ ಕೊಡುತ್ತೆ. ಏಡಿ, ಸಿಗಡಿ, ಕುರುಡೆ ಮೀನಿನ ಮರಿ ಉತ್ಪಾದನೆ ಅಂಥದ್ದು. ಅದು ಕೈ ಒದ್ದೆ ಮಾಡಿಕೊಳ್ಳುವ ಕೆಲಸ, ಅರ್ಥಶಾಸ್ತ್ರ ಅಲ್ಲ. ಮರಿ ಕೇಂದ್ರ ಹಾಕುವ ಯೋಚನೆ ಇದ್ದವರು ನೋಡಿ, ಉಳಿದವರು ಮುಂದೆ ಹೋಗಿ.

ಪದವಿಯೇ ಬೇಕು ಅನ್ನುವವರಿಗೆ

ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನ. ಹಳಬರು ಮೊನ್‌ಬುಶೊ ಅಂತಾರೆ. ಸಂಶೋಧನಾ ವಿದ್ಯಾರ್ಥಿಯಾಗಿ ಹೋಗೋದಕ್ಕೆ ವಯಸ್ಸು 35ರೊಳಗೆ ಇರಬೇಕು. ಎರಡು ದಾರಿ: ರಾಯಭಾರ ಕಚೇರಿಯ ಶಿಫಾರಸಿನಿಂದ, ಇಲ್ಲವೇ ವಿಶ್ವವಿದ್ಯಾಲಯದ ಶಿಫಾರಸಿನಿಂದ. ರಾಯಭಾರ ಕಚೇರಿಯ ಅರ್ಜಿ ಸಾಮಾನ್ಯವಾಗಿ ಏಪ್ರಿಲ್, ಮೇ ಹೊತ್ತಿಗೆ. ಈಚಿನ ವರ್ಷಗಳಲ್ಲಿ ತಿಂಗಳಿಗೆ 1,43,000 ಯೆನ್‌ನಿಂದ 1,45,000 ಯೆನ್‌ವರೆಗೆ ಕೊಡುತ್ತಿದ್ದರು, ಬೋಧನಾ ಶುಲ್ಕ ಇಲ್ಲ, ಹೋಗಿಬರುವ ಟಿಕೆಟ್ಟೂ ಸಿಗುತ್ತೆ. ಟೋಕಿಯೊದಲ್ಲಿ ಅಷ್ಟರಲ್ಲಿ ಬಿಗಿಯಾಗಿ ಬದುಕಬಹುದು, ಹಾಕೊದಾತೆ ಅಥವಾ ಕಾಗೊಶಿಮಾದಲ್ಲಿ ಸ್ವಲ್ಪ ಉಸಿರಾಡಬಹುದು.

ಈ ಎರಡು ಊರುಗಳ ಹೆಸರು ಯಾಕೆ ಅಂದರೆ, ಹೊಕ್ಕೈದೊ ವಿಶ್ವವಿದ್ಯಾಲಯದ ಮೀನುಗಾರಿಕೆ ವಿಭಾಗ ಇರೋದು ಹಾಕೊದಾತೆಯಲ್ಲಿ, ಸಪ್ಪೊರೊದಲ್ಲಿ ಅಲ್ಲ. ಕಾಗೊಶಿಮಾ ವಿಶ್ವವಿದ್ಯಾಲಯಕ್ಕೂ ಮೀನುಗಾರಿಕೆ ವಿಭಾಗ ಇದೆ, ದಕ್ಷಿಣದ ಬೆಚ್ಚಗಿನ ಕಡಲು ಅದರದ್ದು. ಟೋಕಿಯೊ ಯೂನಿವರ್ಸಿಟಿ ಆಫ್ ಮರೀನ್ ಸೈನ್ಸ್ ಅಂಡ್ ಟೆಕ್ನಾಲಜಿ 2003ರಲ್ಲಿ ಎರಡು ಹಳೆಯ ವಿಶ್ವವಿದ್ಯಾಲಯಗಳು ಸೇರಿ ಆದದ್ದು. ನೀತಿ, ಮಾರುಕಟ್ಟೆ, ವ್ಯಾಪಾರ ಓದುವವರಿಗೆ ಟೋಕಿಯೊ ಅನುಕೂಲ, ತೊಯೊಸು ಮೀನು ಮಾರುಕಟ್ಟೆ ಪಕ್ಕದಲ್ಲೇ ಇದೆ. ಬಂದರಿನ ಜನರ ಜೊತೆ ಕೂತು ಕೆಲಸ ಮಾಡೋದಾದರೆ ಉಳಿದ ಎರಡು.

ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಪದವಿಗೆ ಹೋಗೋದು ಅಂದರೆ ಮೂರರಿಂದ ಐದು ವರ್ಷ. ಅಷ್ಟು ವರ್ಷ ಕೊಟ್ಟವರಿಗೆ ಏನು ಸಿಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ಫುಜಿ ಬೆಟ್ಟದ ಬುಡದಲ್ಲಿ ಸುರುಗಾ ಕೊಲ್ಲಿ ಇದೆ. ಅಲ್ಲಿ ಯುಯಿ ಅಂತ ಒಂದು ಸಣ್ಣ ಬಂದರು. ಅಲ್ಲಿ ಹಿಡಿಯೋದು ಸಕುರಾ ಎಬಿ, ಬೆರಳಿನ ಅರ್ಧದಷ್ಟಿರುವ ಗುಲಾಬಿ ಸಿಗಡಿ. ಹಗಲು ಆಳದಲ್ಲಿರುತ್ತೆ, ರಾತ್ರಿ ಮೇಲೆ ಬರುತ್ತೆ. ಎರಡು ದೋಣಿ ಜೋಡಿಯಾಗಿ ಹೋಗಿ ನಡುವೆ ಒಂದು ಬಲೆ ಎಳೆಯುತ್ತವೆ. ಕೊಲ್ಲಿಯಲ್ಲಿ ಪರವಾನಗಿ ಇರೋದು ಸುಮಾರು 120 ದೋಣಿಗಳಿಗೆ. ಮಜಾ ಏನು ಅಂದರೆ, ಯಾವ ದೋಣಿ ಎಷ್ಟು ಹಿಡಿದರೂ ಹಣ ಒಂದೇ ಗಂಟಿಗೆ ಬೀಳುತ್ತೆ. ಖರ್ಚು ಕಳೆದು ಎಲ್ಲರಿಗೂ ಪಾಲು. ಇವತ್ತು ಹೋಗೋದಾ ಬೇಡವಾ, ಹೋದರೆ ಎಷ್ಟು ಹಿಡಿಯೋದು ಅಂತ ಅವರದ್ದೇ ಸಮಿತಿ ಕೂತು ನಿರ್ಧರಿಸುತ್ತೆ. ಒಬ್ಬರ ಮೇಲೊಬ್ಬರು ಬಿದ್ದು ಹಿಡಿದು ದರ ಕೆಡಿಸಿಕೊಳ್ಳುವ ಆಟವೇ ಇಲ್ಲ. ಹಿಡಿದದ್ದನ್ನು ಫುಜಿ ನದಿಯ ಪಾತ್ರದಲ್ಲಿ ಕಪ್ಪು ಹಾಸಿನ ಮೇಲೆ ಒಣಗಿಸುತ್ತಾರೆ, ದೂರದಿಂದ ನೋಡಿದರೆ ನೆಲಕ್ಕೆ ಗುಲಾಬಿ ಬಣ್ಣ ಬಳಿದ ಹಾಗೆ.

ನಮ್ಮ ಕರಾವಳಿಯ ರಂಪಣಿ ನೆನಪಾಗಲಿಲ್ವಾ? ಊರಿನ ಮಂದಿಯೆಲ್ಲ ಸೇರಿ ದಡದಿಂದ ಬಲೆ ಎಳೆದು, ಬಂದದ್ದರಲ್ಲಿ ಪಾಲು ಹಂಚಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಬಂದ ಮೇಲೆ ಅದು ಕುಸಿಯಿತು. ಯುಯಿಯಲ್ಲಿ ಯಂತ್ರದ ದೋಣಿ ಬಂದ ಮೇಲೂ ಪಾಲಿನ ಪದ್ಧತಿ ಹೇಗೆ ಉಳಿಯಿತು, ನಮ್ಮಲ್ಲಿ ಯಾಕೆ ಉಳಿಯಲಿಲ್ಲ? ಹಾಗಂತ ಯುಯಿಯಲ್ಲಿ ಎಲ್ಲಾ ಸರಿ ಇದೆ ಅಂತಲ್ಲ. ಸಿಗಡಿ ತೀರಾ ಕಡಿಮೆಯಾಗಿ 2018ರ ಶರತ್ಕಾಲದ ಸೀಸನ್ನನ್ನೇ ಅವರು ನಿಲ್ಲಿಸಬೇಕಾಯಿತು. ಚೆನ್ನಾಗಿ ಹಂಚಿಕೊಂಡ ಮಾತ್ರಕ್ಕೆ ಕಡಲು ಮೀನು ಕೊಡೋದಿಲ್ಲ. ಇಂಥ ಪ್ರಶ್ನೆಗೆ ಉತ್ತರ ಬೇಕು ಅಂದರೆ ಎರಡು ವಾರದ ಪ್ರವಾಸ ಸಾಲದು, ಸಂಘದ ಕಡತ ಓದುವಷ್ಟು ಜಪಾನಿ ಭಾಷೆ ಬೇಕು. ತರಬೇತಿಗೂ ಪದವಿಗೂ ಇರುವ ವ್ಯತ್ಯಾಸ ಅದೇ.

ಮೆಕ್ಸ್ಟ್‌ಗೆ ಹೋಗುವವರು ಅರ್ಜಿಗಿಂತ ಮೊದಲು ಮಾರ್ಗದರ್ಶಕರನ್ನು ಹುಡುಕಿ. ನೂರು ಪ್ರೊಫೆಸರುಗಳಿಗೆ ಒಂದೇ ಕಾಗದ ಕಳಿಸಬೇಡಿ, ಅವರಿಗೆ ಗೊತ್ತಾಗುತ್ತೆ. ಇಬ್ಬರಿಗೆ ಬರೆಯಿರಿ. ಅವರ ಪ್ರಬಂಧ ಓದಿ, ಒಂದು ಪ್ರಶ್ನೆ ಕೇಳಿ ಬರೆಯಿರಿ. ಜಪಾನಿ ಮೀನುಗಾರಿಕೆ ವಿಜ್ಞಾನದ ದೊಡ್ಡ ಸಂಘ 1932ರದ್ದು, ಫಿಶರೀಸ್ ಸೈನ್ಸ್ ಅನ್ನುವ ಇಂಗ್ಲಿಷ್ ಪತ್ರಿಕೆ ಹೊರಡಿಸುತ್ತೆ. ಯಾರು ಯಾವ ಕೆಲಸ ಮಾಡುತ್ತಿದ್ದಾರೆ ಅಂತ ತಿಳಿಯೋದಕ್ಕೆ ಅದು ಒಳ್ಳೆಯ ಜಾಗ. ಆದರೆ ಅಲ್ಲಿ ಜೀವಶಾಸ್ತ್ರವೇ ಜಾಸ್ತಿ. ಅರ್ಥಶಾಸ್ತ್ರದವರ ಸಂಘ ಬೇರೆ ಇದೆ, ಅದರ ಬರವಣಿಗೆ ಬಹುಪಾಲು ಜಪಾನಿಯಲ್ಲೇ.

ಹಾಗೇ ಜೆನ್‌ಗ್ಯೊರೆನ್ ಬಗ್ಗೆ ಒಂದು ಮಾತು. ಇದು ಮೀನುಗಾರರ ಸಹಕಾರ ಸಂಘಗಳ ರಾಷ್ಟ್ರಮಟ್ಟದ ಒಕ್ಕೂಟ. ಕೆಲವರು ಇದಕ್ಕೂ ನೆರವು ಕೇಳಿ ಪತ್ರ ಬರೆಯುತ್ತಾರೆ. ಬೇಡ. ಅವರ ಕೆಲಸ ಅವರ ಸದಸ್ಯರಿಗೆ ಡೀಸೆಲ್ಲು, ಮಾರಾಟ, ಸರ್ಕಾರದ ಮುಂದೆ ದನಿ. ನಿಮ್ಮ ಅಧ್ಯಯನಕ್ಕೆ ಅವರು ಬೇಕಾಗಬಹುದು, ನಿಮ್ಮ ಖರ್ಚಿಗೆ ಅಲ್ಲ.

ವ್ಯಾಪಾರದವರಿಗೆ ಈ ಪಟ್ಟಿಯೇ ಬೇರೆ

ರಫ್ತಿನವರು ಐಐಎಫ್‌ಇಟಿಗೆ ಸೇರಲಾ ಅಂತ ಕೇಳಿದಾಗ ನನಗೆ ನಗು ಬಂತು. ಅಲ್ಲಿ ಬೇಡಿಕೆಯ ಸಮೀಕರಣ ಸಿಗುತ್ತೆ, ಬೇಡಿಕೆ ಸಿಗೋದಿಲ್ಲ.

ಅವರಿಗೆ ಮೊದಲ ಮನೆ ಎಂಪೀಡಾ, ಅಂದರೆ ಕೇಂದ್ರ ಸರ್ಕಾರದ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ. 1972ರಿಂದ ಕೊಚ್ಚಿಯಲ್ಲಿದೆ, ರಫ್ತುದಾರರು ಹೇಗೂ ನೋಂದಾಯಿಸಿಕೊಂಡಿರುತ್ತಾರೆ. ಟೋಕಿಯೊದಲ್ಲಿ ಅದರದ್ದೇ ವ್ಯಾಪಾರ ಕಚೇರಿ ನಡೆಸಿಕೊಂಡು ಬಂದಿದೆ. ಎರಡನೆಯದು ಇನ್ಫೋಫಿಶ್, ಕೌಲಾಲಂಪುರದಲ್ಲಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಯೋಜನೆಯಾಗಿ 1981ರಲ್ಲಿ ಶುರುವಾಗಿ ಆಮೇಲೆ ಸ್ವತಂತ್ರ ಸಂಸ್ಥೆ ಆಯಿತು. ಭಾರತ ಸದಸ್ಯ. ದರ, ಮಾರುಕಟ್ಟೆ ಸುದ್ದಿ ಕೊಡುತ್ತಾರೆ, ಚಂದಾ ಕಟ್ಟಬೇಕು. ಮೂರನೆಯದು ಜೆಟ್ರೊ, ಜಪಾನಿನ ವ್ಯಾಪಾರ ಸಂಸ್ಥೆ, ಬೆಂಗಳೂರಿನಲ್ಲೇ ಕಚೇರಿ ಇದೆ. ಹೋಗಿ ಮಾತಾಡೋದಕ್ಕೆ ಬಸ್ ಟಿಕೆಟ್ಟು ಸಾಕು. ನಾಲ್ಕನೆಯದು ಟೋಕಿಯೊದಲ್ಲಿ ಆಗಸ್ಟಿನಲ್ಲಿ ನಡೆಯುವ ಸೀಫುಡ್ ಪ್ರದರ್ಶನ. ನಡೆಸೋದು 1882ರಲ್ಲಿ ಹುಟ್ಟಿದ ದೈನಿಪ್ಪೊನ್ ಸುಯ್‌ಸಾನ್‌ಕೈ, ಅಂದರೆ ಜಪಾನ್ ಮೀನುಗಾರಿಕೆ ಸಂಘ. ಒಂದು ಸಲ ಹೋಗಿ ಮಳಿಗೆಗಳ ಮುಂದೆ ಸುತ್ತಾಡಿದರೆ ಅವರು ಯಾವ ಗಾತ್ರ, ಯಾವ ಬಣ್ಣ, ಯಾವ ಪ್ಯಾಕು ಕೇಳುತ್ತಾರೆ ಅನ್ನೋದು ಕಣ್ಣಿಗೆ ಕಾಣುತ್ತೆ. ನಮ್ಮ ಕಡೆಯ ಮದಿಮಾಲ್ ಮೀನು ಸುರಿಮಿಗೆ, ಅಂದರೆ ಮೀನಿನ ಮಾಂಸ ಅರೆದು ಮಾಡುವ ಮುದ್ದೆಗೆ, ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. ಅದರ ವೈಜ್ಞಾನಿಕ ಹೆಸರಲ್ಲೇ ಜಪೋನಿಕಸ್ ಇದೆ. ಅದು ಅಲ್ಲಿ ಯಾವ ರೂಪದಲ್ಲಿ ತಟ್ಟೆಗೆ ಬರುತ್ತೆ ಅನ್ನೋದನ್ನು ನೋಡಿದವರು ಎಷ್ಟು ಜನ?

ಆದರೆ ಗಿರಾಕಿಗಿಂತ ಮೊದಲು ನಿಯಮ. ಎಥಾಕ್ಸಿಕ್ವಿನ್ ಕಥೆ ನೆನಪಿದೆಯಾ? ಸಿಗಡಿಯ ಮೇವಿನಲ್ಲಿ ಹಾಕುವ ವಸ್ತು. 2012ರಲ್ಲಿ ಜಪಾನ್ ನಮ್ಮ ಸಿಗಡಿಯಲ್ಲಿ ಅದನ್ನು ತಪಾಸಣೆ ಮಾಡೋದಕ್ಕೆ ಶುರುಮಾಡಿತು. ಮಿತಿ 0.01 ಪಿಪಿಎಂ. ಕಂಟೇನರುಗಳು ನಿಂತವು. 2014ರಲ್ಲಿ ಮಿತಿಯನ್ನು 0.2ಕ್ಕೆ ಏರಿಸಿದ ಮೇಲೆ ಉಸಿರು ಬಂತು. ಈಗ ಇನ್ನೊಂದು ಇದೆ. 2022ರ ಡಿಸೆಂಬರಿನಿಂದ ಜಪಾನಿನ ಹೊಸ ಕಾಯ್ದೆಯಡಿ ಕೆಲವು ಜಾತಿಯ ಸ್ಕ್ವಿಡ್, ಸಾನ್ಮಾ, ಮ್ಯಾಕರೆಲ್, ಸಾರ್ಡಿನ್ ಆಮದಿಗೆ ಕಾನೂನುಬದ್ಧವಾಗಿ ಹಿಡಿದದ್ದು ಅನ್ನುವ ಪ್ರಮಾಣಪತ್ರ ಬೇಕು. ನಿಮ್ಮ ಮಾಲು ಆ ಪಟ್ಟಿಯ ಜಾತಿಯಾ ಅಂತ ಎಂಪೀಡಾದಲ್ಲಿ ವಿಚಾರಿಸಿ, ಸ್ಥಳೀಯ ಹೆಸರಿಂದ ಅಲ್ಲ, ವೈಜ್ಞಾನಿಕ ಹೆಸರಿಂದ. ಹೊಸ ಸಂಘಕ್ಕೆ ಕಟ್ಟುವ ಚಂದಾಕ್ಕಿಂತ ಈ ಒಂದು ವಿಚಾರಣೆ ಜಾಸ್ತಿ ಹಣ ಉಳಿಸುತ್ತೆ.

ಜೇಬು ನೋಡಿಕೊಂಡು

ಏನೂ ಹಣ ಇಲ್ಲ ಅಂದರೆ ಐಐಎಫ್‌ಇಟಿಯ ಹಳೆಯ ಪ್ರಬಂಧಗಳು, ಎಫ್‌ಎಒ ಪ್ರಕಟಣೆಗಳು, ಎರಡೂ ಪುಕ್ಕಟೆ. ಜೊತೆಗೆ ಮಂಗಳೂರಿನಲ್ಲೇ ಏಷಿಯನ್ ಫಿಶರೀಸ್ ಸೊಸೈಟಿಯ ಭಾರತೀಯ ಶಾಖೆ ಇದೆ. ಇದು ಜಪಾನಿನದ್ದಲ್ಲ, ಪೂರ್ತಿ ಅರ್ಥಶಾಸ್ತ್ರದ್ದೂ ಅಲ್ಲ. ಆದರೆ ಮೊದಲ ಪ್ರಬಂಧ ಓದಿ ಕಾಲು ನಡುಗಿಸಿಕೊಳ್ಳೋದಕ್ಕೆ ವಿಗೊವರೆಗೆ ಯಾಕೆ ಹೋಗಬೇಕು? ಕೆಲವು ಸಾವಿರ ಇದ್ದರೆ ಐಐಎಫ್‌ಇಟಿಯ ವಿದ್ಯಾರ್ಥಿ ಸದಸ್ಯತ್ವ, ಇಲ್ಲವೇ ಜಪಾನಿ ಭಾಷೆಯ ಆರಂಭಿಕ ತರಗತಿ. ಎರಡರಲ್ಲಿ ಒಂದೇ ಆಗೋದಾದರೆ ನಾನು ಭಾಷೆಗೆ ಹಾಕುತ್ತೇನೆ. ಲಕ್ಷ ಇದ್ದರೆ ಮಾತ್ರ ಸಮ್ಮೇಳನ, ಅದೂ ಪ್ರಬಂಧ ಒಪ್ಪಿಗೆ ಆದ ಮೇಲೆ. ಬರೀ ಕೇಳೋದಕ್ಕೆ ಅಷ್ಟು ದೂರ ಹೋಗಬೇಡಿ.

ವಿದ್ಯಾರ್ಥಿನಿಗೆ ನಾನು ಮೆಕ್ಸ್ಟ್ ಹೇಳಿದೆ. ಅವಳಿಗೆ ವಯಸ್ಸಿದೆ, ರಂಪಣಿಯ ಮನೆತನದವಳು, ಅಜ್ಜನ ಕಾಲದ ಪಾಲಿನ ಲೆಕ್ಕದ ಪುಸ್ತಕ ಮನೆಯಲ್ಲಿದೆಯಂತೆ. ಅದಕ್ಕಿಂತ ಒಳ್ಳೆಯ ಉದ್ದೇಶಪತ್ರ ಎಲ್ಲಿಂದ ತರೋದು? ಮನೆಬಿಟ್ಟು ಐದು ವರ್ಷ ಆಗೋದಿಲ್ಲ ಅನ್ನುವಂತಿದ್ದರೆ ಇಲ್ಲೇ ಪಿಎಚ್‌ಡಿ ಮಾಡಿಕೊಂಡು ಐಐಎಫ್‌ಇಟಿ ಏಷ್ಯಾಕ್ಕೆ ಬರುವ ವರ್ಷ ಕಾಯಬಹುದು, ಯಮಮೊಟೊ ಪ್ರಶಸ್ತಿಗೆ ಪ್ರಬಂಧ ಕಳಿಸಬಹುದು. ಆ ದಾರಿಯಲ್ಲಿ ಕಡತದ ಒಳಗೆ ಹೋಗೋದು ಕಷ್ಟ, ಆದರೆ ಊರಿನ ಲೆಕ್ಕ ಕೈತಪ್ಪೋದಿಲ್ಲ. ರಫ್ತಿನವರು ಆಗಸ್ಟಿನ ಪ್ರದರ್ಶನಕ್ಕೆ ಹೋಗುವ ಮನಸ್ಸು ಮಾಡಿದ್ದಾರೆ. ಅದಕ್ಕಿಂತ ಮುಂಚೆ ಜಾತಿಯ ಪಟ್ಟಿ ತೆಗೆಸಿ ಅಂದಿದ್ದೇನೆ.

ಅಧಿಕಾರಿಗೆ ಜೈಕಾ ಬಿಟ್ಟು ಬೇರೆ ಯೋಚನೆ ಬೇಡ ಅಂದೆ. "ಸುತ್ತೋಲೆ ಬಂದರೆ ನೋಡೋಣ ಸರ್" ಅಂದರು. ಪಾಸ್‌ಪೋರ್ಟ್ ಇದೆಯಾ ಅಂತ ಕೇಳಿದೆ. ಅವಧಿ ಮುಗಿದು ಎರಡು ವರ್ಷ ಆಗಿದೆಯಂತೆ.